ಎತ್ತಿದ ಭಂಡಾರ

ಸಾಂಗ್ಲಿ
೫ ಮಾರ್ಚ್ ೨೦೨೪

ಅಕ್ಕಾ,

ಕೈಮುಗಿದು ಬರೆಯುತ್ತಿದ್ದೇನೆ. ಕೈಮುಗಿದರೆ ಪೆನ್ನು ಹಿಡಿಯುವುದು ಹೇಗೆ ಎಂದು ಕೇಳಬೇಡ, ನೀನು ಕೇಳುತ್ತೀ.

ಸಾಂಗ್ಲಿಯಿಂದ ಮಿರಜಿಗೆ ಬಸ್ಸಿನಲ್ಲಿ ಅರ್ಧ ಗಂಟೆ, ಅಂಚೆಯಲ್ಲಿ ಮೂರು ದಿನ. ಆದರೂ ನಿನ್ನ ಕಿವಿ ಫೋನಿಗೆ ರಾಜೀನಾಮೆ ಕೊಟ್ಟ ಮೇಲೆ ಇದೇ ಸೈ. ನಿನ್ನ ಮಗ ಶಂತನುವಿಗೂ ಸೊಸೆ ಸುಖದಾಳಿಗೂ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಇಷ್ಟು ಭದ್ರವಾದ ಬೀಗ ಯಾವ ಅಂಗಡಿಯಲ್ಲಿ ಸಿಗುತ್ತದೆ?

ಮಗಳು ಯೋಗಿತಾ ಬಾಣಂತನಕ್ಕೆ ಬಂದಿದ್ದಾಳೆ. ಏಳನೆಯ ತಿಂಗಳು. ದಿನಕ್ಕೆ ಮೂರು ಸಲ ಹುಳಿ ಕೇಳುತ್ತಾಳೆ, ಎರಡು ಸಲ ಸಿಟ್ಟಾಗುತ್ತಾಳೆ. ಲೆಕ್ಕ ಸರಿಯಾಗಿದೆ.

ಇನ್ನು ಗಿರಣಿಯ ಸುದ್ದಿ. ರಜೆಯ ರವಿವಾರ ನಮ್ಮ ಮಾಲಕರು ಧೋಂಡಪ್ಪನವರು ಇಪ್ಪತ್ಮೂರು ಜನರನ್ನೂ ಕರೆಸಿದರು. ಅಂಗಳದಲ್ಲಿ ಬೀರದೇವರ ಫೋಟೋ, ಅದರ ಮುಂದೆ ಹಿತ್ತಾಳೆ ಡಬ್ಬಿ ತುಂಬ ಭಂಡಾರದ ಅರಿಶಿನ. ನಮ್ಮ ಅರಿಶಿನದ ಪುಡಿಯನ್ನು ಹೇಗೆ ಬೀಸುತ್ತೇವೆ, ಏನು ಬೆರೆಸುತ್ತೇವೆ ಎಂದು ಯಾರೋ ಇನ್ನೊಂದು ಗಿರಣಿಗೆ ಹೇಳಿದ್ದಾರಂತೆ.

"ಯಾರ ಹೇಳ್ಯಾರ ಅಂತ ನಾ ಕೇಳೂದಿಲ್ಲ," ಎಂದರು. "ಗಿರಣಿ ಮಾತ ಗಿರಣ್ಯಾಗ ಇರ್ಲಿ. ಹೊರಗಿನವ್ರ ಮುಂದ ಬಾಯಿ ಬಿಡೂದಿಲ್ಲ ಅಂತ ಎಲ್ಲಾರೂ ಭಂಡಾರ ಎತ್ರಿ."

ಹಮಾಲ ಗುರಲಿಂಗ ಕೇಳಿದ, "ಮಾಲಕ್ರ, ಮನ್ಯಾಗ ಹೆಂಡ್ತಿ ಕೇಳಿದ್ರ?"

"ಹೆಂಡ್ತೀನೂ ಹೊರಗಿನಾಕಿ ಅಂತ ತಿಳಕೋ."

ಎಲ್ಲರೂ ನಕ್ಕರು. ಡಬ್ಬಿಯ ಮುಚ್ಚಳ ತೆರೆದ ಕೂಡಲೇ ನಗು ನಿಂತಿತು. ನಿನಗೆ ಗೊತ್ತು, ಕುರಿ ಕಾಯ್ದ ಮನೆಯವರು ನಾವು. ಭಂಡಾರ ಕೈಯಲ್ಲಿ ಹಿಡಿದು ಆಡಿದ ಮಾತು ಮುರಿದರೆ ದೇವರು ಮುರಿದವನನ್ನು ಬಿಟ್ಟು ಅವನ ಮಕ್ಕಳ ಕಡೆ ನೋಡುತ್ತಾನೆ. ಗಿರಣಿಯಲ್ಲಿ ನಾಲ್ಕು ಕ್ಯಾಮೆರಾ ಇವೆ, ಎರಡು ಕುರುಡು. ಈ ಒಂದು ಡಬ್ಬಿಗೆ ಇಪ್ಪತ್ಮೂರು ಜನರ ಕಣ್ಣೂ ಇದೆ, ಬಾಯಿಯೂ ಇದೆ. ಮಾಲಕರ ಬುದ್ಧಿಗೆ ಮೆಚ್ಚಬೇಕು.

ನನಗೇನು ಭಯ? ಹತ್ತೊಂಬತ್ತು ವರ್ಷದಲ್ಲಿ ವ್ಯಾಪಾರಿಗಳ ಒಂದು ಕಪ್ ಚಹಾ ಕುಡಿದಿಲ್ಲ. ಒಂದು ಮುಷ್ಟಿ ಪುಡಿ ಮನೆಗೆ ತಂದಿಲ್ಲ. ಚೀಲ ಹೊತ್ತು ಬಂದವನು ಸುಪರ್ವೈಸರ್ ಆದದ್ದು ಸುಳ್ಳು ಹೇಳಿ ಅಲ್ಲ.

ಎತ್ತಿದ ಭಂಡಾರದಲ್ಲಿ ಅರ್ಧ ನಮ್ಮ ದೇವರ ಗೂಡಿನಲ್ಲಿಟ್ಟೆ. ಅರ್ಧ ಈ ಪತ್ರದೊಳಗೆ ಚೀಟಿ ಕಟ್ಟಿ ಕಳಿಸಿದ್ದೇನೆ.

ನಿನ್ನ
ತಮ್ಮಣ್ಣ


ಮಿರಜ
೧೨ ಮಾರ್ಚ್ ೨೦೨೪

ತಮ್ಮಣ್ಣಾ,

ಚೀಟಿ ಬಂತು. ದೇವರ ಮುಂದೆ ಇಟ್ಟಿದ್ದೇನೆ. ಯೋಗಿತಾಳಿಗೆ ಹುಣಸೆಹಣ್ಣು ಹೆಚ್ಚು ಕೊಡಬೇಡ.

ಒಂದು ಮಾತು ಕೇಳುತ್ತೇನೆ. ಮೂವತ್ತೊಂದು ವರ್ಷ ದವಾಖಾನೆಯಲ್ಲಿ ಆಯಾ ಆಗಿ ದುಡಿದೆ. ಬಾಯಿ ಮುಚ್ಚಿಕೊಂಡಿರು ಎಂದು ಯಾರೂ ನನ್ನಿಂದ ಭಂಡಾರ ಎತ್ತಿಸಲಿಲ್ಲ. ಅರಿಶಿನ ಬೀಸುವುದರಲ್ಲಿ ದೇವರನ್ನು ಕಾವಲಿಗೆ ನಿಲ್ಲಿಸುವಂಥದ್ದು ಏನಿದೆ?

ರವಿವಾರ ಸೋನಾಬಾಯಿ ಬಂದಿದ್ದಳು. ಕವಲಾಪುರದ ನನ್ನ ಗೆಳತಿಯ ಮಗಳು, ನಿನ್ನ ಕೈ ಹಿಡಿದು ನಾನೇ ಗಿರಣಿಗೆ ಸೇರಿಸಿದವಳು, ಮರೆತಿಲ್ಲ ತಾನೆ? ಊಟಕ್ಕೆ ಕೂತಾಗ ಕೈ ನೋಡಿದೆ. ಮೊಣಕೈವರೆಗೆ ಹಳದಿ. ಅರಿಶಿನದ ಕೆಲಸ, ಹಳದಿ ಇರಬೇಕಾದ್ದೇ. ಸೋಪು ಕೊಟ್ಟೆ. ತಮ್ಮಣ್ಣಾ, ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ. ಸೀರೆಗೆ ಸಾರು ಚೆಲ್ಲಿಕೊಂಡ ಯಾವ ಹೆಂಗಸಿಗೂ ಇದು ಗೊತ್ತು. ಅವಳ ಕೈ ಕೆಂಪಾಗಲಿಲ್ಲ. ಹಳದಿಯಾಗಿಯೇ ಉಳಿಯಿತು.

"ಏನ ಮುಟ್ಟಿದಿ?" ಅಂದೆ.

"ಮಾವಶಿ, ಭಂಡಾರ ಎತ್ತೇನಿ, ಕೇಳಬ್ಯಾಡ್ರಿ," ಅಂದಳು. ನನ್ನ ಕಿವಿಗೆ ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ.

ನೀನು ಹೇಳು.

ಸುಂದರಾಬಾಯಿ


ಸಾಂಗ್ಲಿ
೨೧ ಮಾರ್ಚ್ ೨೦೨೪

ಅಕ್ಕಾ,

ಸೋನಾಬಾಯಿಗೆ ಸೋಪು ಬದಲಿಸಲು ಹೇಳು. ಈಗಿನ ಸೋಪಿನಲ್ಲಿ ಸೋಪೇ ಇರುವುದಿಲ್ಲ.

ಇಲ್ಲಿ ಹೊಸ ಅರಿಶಿನದ ಸುಗ್ಗಿ. ದಿನಕ್ಕೆ ನೂರಾ ನಲವತ್ತು ಚೀಲ ಬೀಸುತ್ತಿದ್ದೇವೆ. ನಾನು ಸೀನಿದರೆ ಕರವಸ್ತ್ರ ಹಳದಿ. ನಿನ್ನೆ ಯೋಗಿತಾಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮಗುವಿನ ಎದೆಬಡಿತ ಯಂತ್ರದಲ್ಲಿ ಕೇಳಿಸಿದರು. ಕುದುರೆ ಓಡಿದ ಹಾಗಿತ್ತು.

ನೀನು ಮಾಲಕರ ಬಗ್ಗೆ ಹಗುರವಾಗಿ ಬರೆದೆ. ೨೦೧೯ರ ಮಹಾಪೂರದಲ್ಲಿ ನಮ್ಮ ಓಣಿಯಲ್ಲಿ ಎದೆಮಟ್ಟ ನೀರು ನಿಂತಾಗ ಟ್ರ್ಯಾಕ್ಟರ್ ಕಳಿಸಿದವರು ಅವರೇ. ಗೋದಾಮಿನ ಮೇಲಿನ ಅಟ್ಟದಲ್ಲಿ ಹನ್ನೊಂದು ದಿನ ಇದ್ದೆವು. ಎರಡು ಹೊತ್ತು ಊಟ ಅವರ ಮನೆಯಿಂದ ಬರುತ್ತಿತ್ತು. ಹನ್ನೊಂದು ದಿನಕ್ಕೆ ಇಪ್ಪತ್ತೆರಡು ಊಟ. ನಾನು ಮರೆಯುವವನಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಎಲ್ಲಿ ಎಂದು ಪತ್ರ ತಿರುವಿ ನೋಡುತ್ತೀ. ಹೇಳಲು ಬರುವುದಿಲ್ಲ ಅಕ್ಕಾ. ಹೇಳು ಅನ್ನಬೇಡ.

ಈ ರವಿವಾರ ಬರಲಾಗುವುದಿಲ್ಲ. ಮುಂದಿನ ರವಿವಾರವೂ ಕೆಲಸ ಇದೆ.

ತಮ್ಮಣ್ಣ


ಮಿರಜ
೨ ಏಪ್ರಿಲ್ ೨೦೨೪

ತಮ್ಮಣ್ಣಾ,

ನೀನು ಬಾರದೆ ನಾಲ್ಕು ರವಿವಾರ ಆಯಿತು. ಕೆಲಸ ಇದೆ ಎಂದೆ. ಈಗ ತಿಳಿಯಿತು ಯಾವ ಕೆಲಸ.

ಗುರುವಾರ ಆಹಾರ ತಪಾಸಣೆಯ ಸಾಹೇಬರು ನಿಮ್ಮ ಗಿರಣಿಗೆ ಬಂದರಂತೆ. ಹಿಂದಿನ ಕೋಣೆಯಲ್ಲಿ ನೀಲಿ ಡ್ರಮ್ ಸಿಕ್ಕಿತಂತೆ, ಅದರಲ್ಲಿ ಬಟ್ಟೆಗೆ ಹಾಕುವ ಹಳದಿ ಬಣ್ಣ. ಯಾರು ಬೆರೆಸುವವರು ಎಂದು ಕೇಳಿದ್ದಕ್ಕೆ ರಿಜಿಸ್ಟರಿನಲ್ಲಿ ಸೋನಾಬಾಯಿಯ ಹೆಸರು ಬಂದಿತಂತೆ. ಮಾಲಕರಿಗೆ ಏನೂ ಗೊತ್ತಿರಲಿಲ್ಲವಂತೆ, ಹೆಂಗಸು ತಿಳಿಯದೆ ಮಾಡಿದ ತಪ್ಪಂತೆ. ಇಷ್ಟು ಅಂತೆಗಳನ್ನು ನಾನು ಒಂದೇ ದಿನ ಎಂದೂ ಬರೆದಿರಲಿಲ್ಲ.

ಅವಳನ್ನು ಅಂದೇ ಕೆಲಸದಿಂದ ತೆಗೆದರು. ಈಗ ನನ್ನ ಮನೆಯಲ್ಲಿದ್ದಾಳೆ. ಇಪ್ಪತ್ತೆರಡನೆಯ ತಾರೀಖು ಸೋಮವಾರ ಸಾಂಗ್ಲಿಯ ಕಚೇರಿಯಲ್ಲಿ ವಿಚಾರಣೆ. ಅಲ್ಲಿ ಯಾರೂ ಬಾಯಿ ಬಿಡದಿದ್ದರೆ ಕೇಸು ಅವಳ ಹೆಸರಿಗೆ ಬೀಳುತ್ತದೆ. ಆಮೇಲೆ ಯಾವ ಗಿರಣಿಯೂ, ಯಾವ ಮನೆಯೂ ಅವಳನ್ನು ಒಳಗೆ ಸೇರಿಸುವುದಿಲ್ಲ.

ಅವಳೂ ಮಾತಾಡುವುದಿಲ್ಲ. ಭಂಡಾರ ಎತ್ತಿದ್ದಾಳಲ್ಲ.

ನಿನಗೆ ಗೊತ್ತಿತ್ತೋ ಇಲ್ಲವೋ?

ಸುಂದರಾಬಾಯಿ


ಸಾಂಗ್ಲಿ
೬ ಏಪ್ರಿಲ್ ೨೦೨೪

ಅಕ್ಕಾ,

ನಾನು ಸುಳ್ಳು ಹೇಳಿಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ.

ಸಾಹೇಬರು ಕೇಳಿದರು, ಡ್ರಮ್ಮಿನ ಹತ್ತಿರ ಯಾರ ಪಾಳಿ ಎಂದು. ನಾನು ರಿಜಿಸ್ಟರ್ ತೆಗೆದು ಮುಂದಿಟ್ಟೆ. ಬಾಯಿ ತೆರೆಯಲಿಲ್ಲ. ಅದರಲ್ಲಿ ಸೋನಾಬಾಯಿಯ ಹೆಸರಿತ್ತು. ಆ ದಿನ ಆ ಕೋಣೆಯಲ್ಲಿ ಅವಳಿದ್ದದ್ದು ಖರೆ. ಡ್ರಮ್ ಮುಟ್ಟಿದ್ದೂ ಖರೆ. ನಾನು ಬರೆದದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ.

ಸಾಹೇಬರು ಹೋದ ಮೇಲೆ ಮಾಲಕರು ನನ್ನನ್ನು ಒಳಗೆ ಕರೆದರು. ತಾವೇ ಕುರ್ಚಿ ಎಳೆದರು.

"ಕುಂದ್ರ ತಮ್ಮಣ್ಣಾ. ನಿನಗ ಸುಳ್ಳ ಹೇಳ್ಲಿಕ್ಕೆ ಬರೂದಿಲ್ಲ, ನನಗ ಗೊತ್ತೈತಿ. ಅದಕ್ಕ ನಿನ್ನ ಮಾತಿನ ಮ್ಯಾಲ ಸಾಹೇಬ್ರಿಗೂ ನಂಬಿಗಿ. ನಾ ನಿನಗ ಸುಳ್ಳ ಹೇಳು ಅನ್ನೂದಿಲ್ಲ. ಸುಮ್ಕಿರು, ಸಾಕು."

"ಆ ಹೆಣ್ಣಮಗಳ ಗತಿ ಏನ್ರಿ ಮಾಲಕ್ರ?"

"ದಂಡ ನಾ ತುಂಬತೇನಿ. ಆಕಿಗೆ ಏನ ಆಗೂದೈತಿ? ಆಕಿ ಹೆಸರ ಪ್ಯಾಕೆಟ್ಟಿನ ಮ್ಯಾಲ ಇಲ್ಲ, ನಂದೈತಿ. ಇಪ್ಪತ್ಮೂರು ಮನಿ ಒಲಿ ಆ ಹೆಸರ ಮ್ಯಾಲ ಉರೀತಾವ."

ನಾನು ಎದ್ದು ಬರುವಾಗ ಅವರು ಗೋಡೆಯ ಮೇಲಿನ ಬೀರದೇವರ ಫೋಟೋ ಕಡೆ ನೋಡಿದರು. ಮಾತಾಡಲಿಲ್ಲ. ನನ್ನ ಹಾಗೇ ಅವರೂ ಸುಳ್ಳು ಹೇಳಲಿಲ್ಲ.

ನೀನು ಹೇಳುತ್ತೀ, ಹೋಗಿ ಹೇಳಿಬಿಡು ಎಂದು. ಹೇಗೆ ಹೇಳಲಿ? ಯೋಗಿತಾ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಅಪ್ಪ ಹೇಳುತ್ತಿದ್ದ ಆ ಮನೆ ನೆನಪಿದೆಯೇ, ಕುರಿಯ ತಂಟೆಯಲ್ಲಿ ಭಂಡಾರ ಮುರಿದವನ ಮನೆ? ಮೂರು ತೊಟ್ಟಿಲು ಕಟ್ಟಿದರು, ಮೂರೂ ಖಾಲಿ ಬಿಚ್ಚಿದರು. ನೀನು ನಂಬುವುದಿಲ್ಲ ಅನ್ನುತ್ತೀ. ನಾನು ನಂಬದೇ ಇರಲು ಪ್ರಯತ್ನ ಮಾಡಿ ನೋಡಿದೆ, ಮಧ್ಯಾಹ್ನದ ಊಟದವರೆಗೂ ತಾಳಲಿಲ್ಲ.

ಆದರೆ ಒಂದು ಯೋಚನೆ ಬಂದಿದೆ. ನಾನು ಏನೂ ಹೇಳುತ್ತಿಲ್ಲ, ನೆನಪಿರಲಿ, ಬರೀ ಪ್ರಶ್ನೆ ಕೇಳುತ್ತಿದ್ದೇನೆ. ಒಬ್ಬನ ಗಿರಣಿಯಿಂದ ಬರುವುದೆಲ್ಲ ಬೆರಕೆಯಾದರೆ, ಅವನು ಅಂಗಳದಲ್ಲಿಟ್ಟ ಡಬ್ಬಿಯಲ್ಲೂ ಅದೇ ಇರಬೇಕಲ್ಲವೇ? ಹಾಗಿದ್ದರೆ ಆ ಇಪ್ಪತ್ಮೂರು ಜನ ಎತ್ತಿದ್ದು ಭಂಡಾರವೋ, ಪಿಷ್ಟ ಮತ್ತು ಬಣ್ಣವೋ? ಬಣ್ಣ ಹಿಡಿದು ಕೊಟ್ಟ ಮಾತಿಗೆ ಬೀರದೇವರು ಸಾಕ್ಷಿ ನಿಲ್ಲುತ್ತಾನೆಯೇ?

ನನ್ನ ಪಾಲಿನದನ್ನು ಯೋಗಿತಾಳ ಹಣೆಗೆ ಹಚ್ಚಿ ಮುಗಿಸಿದ್ದೇವೆ. ನಿನ್ನ ಹತ್ತಿರ ಚೀಟಿ ಇದೆ. ಒಂದು ಚಿಟಿಕೆಗೆ ಸುಣ್ಣ ಹಚ್ಚಿ ನೋಡು. ಕೆಂಪಾಗದಿದ್ದರೆ ನಾನು ಬಿಡುಗಡೆ.

ತಮ್ಮಣ್ಣ


ಮಿರಜ
೧೨ ಏಪ್ರಿಲ್ ೨೦೨೪

ತಮ್ಮಣ್ಣಾ,

ಸುಣ್ಣದ ಮಾತು ಆಮೇಲೆ. ಮೊದಲು ಇದನ್ನು ಓದು. ನಿನಗೆ ಎಂದೂ ಹೇಳಿಲ್ಲ.

ನಾನು ನೌಕರಿಗೆ ಸೇರಿ ಎಂಟನೆಯ ವರ್ಷ. ವಾರ್ಡಿನ ಕಪಾಟಿನಿಂದ ಔಷಧದ ಬಾಟಲಿಗಳು ಕಾಣೆಯಾಗುತ್ತಿದ್ದವು. ತೆಗೆಯುವವರು ಯಾರು ಎಂದು ನಾನು ಎರಡು ಸಲ ಕಣ್ಣಾರೆ ನೋಡಿದ್ದೆ, ದೊಡ್ಡ ಮನುಷ್ಯ. ಹೊರಗೆ ಹಾಕಿದ್ದು ನನ್ನ ಜೊತೆಯ ಆಯಾಳನ್ನು. ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾನು ಕದ್ದಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ಸೋಮವಾರ ಉಪವಾಸ ಮಾಡುತ್ತಿದ್ದೆ. ನನ್ನ ಲೆಕ್ಕದಲ್ಲಿ ನಾನು ಒಳ್ಳೆಯವಳೇ.

ಅವಳು ಮಿರಜ ಸ್ಟೇಷನ್ನಿನ ಎದುರು ಬಾಳೆಹಣ್ಣು ಮಾರಲು ಕೂತಳು. ಆರು ವರ್ಷ ನಾನು ಅವಳ ಹತ್ತಿರವೇ ಕೊಂಡೆ. ಪ್ರತಿ ಸಲ ಡಜನ್ ಮೇಲೆ ಒಂದು ಹಣ್ಣು ಹೆಚ್ಚಿಗೆ ಇಡುತ್ತಿದ್ದಳು, "ಹುಡುಗ್ರಿಗೆ ತಗೋ ಸುಂದ್ರಾ," ಎಂದು. ಆ ಹಣ್ಣು ನನಗೆ ಇವತ್ತಿನವರೆಗೂ ಇಳಿದಿಲ್ಲ.

ನಿನಗೆ ನೆಪ ಹೇಳಲು ಭಂಡಾರವಾದರೂ ಇದೆ. ನನಗೆ ಅದೂ ಇರಲಿಲ್ಲ.

ಸೋನಾಬಾಯಿ ಅಳುವುದಿಲ್ಲ. ಪಾತ್ರೆ ಎಲ್ಲ ತಾನೇ ತಿಕ್ಕುತ್ತಾಳೆ, ಬೂದಿ ಹಾಕಿ, ಕೈಯ ಬಣ್ಣ ಹೋಗಲಿ ಎಂದು. ನಿನ್ನೆ ಒಂದು ಮಾತು ಆಡಿದಳು, "ಮಾವಶಿ, ತಮ್ಮಣ್ಣ ಮಾಮಾ ಇದ್ದಾರಲ್ರಿ. ಅವ್ರು ಸುಳ್ಳ ಬರಿಯೋರಲ್ಲ. ನಂದ ಏನರ ತಪ್ಪಿರಬೇಕು."

ಅವಳು ಅದನ್ನು ನಂಬಿದ್ದಾಳೆ. ಆ ರಿಜಿಸ್ಟರಿನಲ್ಲಿ ಅವಳ ಹೆಸರು ಯಾವಾಗ ಬರೆದೆ? ಬೆಳಿಗ್ಗೆಯೋ, ಸಾಹೇಬರು ಬಂದ ಮೇಲೆಯೋ?

ಸುಂದರಾಬಾಯಿ


ಸಾಂಗ್ಲಿ
೧೬ ಏಪ್ರಿಲ್ ೨೦೨೪

ಅಕ್ಕಾ,

ಸಾಹೇಬರ ಜೀಪು ಗೇಟಿನಲ್ಲಿದ್ದಾಗ.

ಬೆರಕೆಯ ಕೋಣೆಗೆ ರಿಜಿಸ್ಟರಿನಲ್ಲಿ ಒಂದು ಅಂಕಣ ಇದೆ. ನಾಲ್ಕು ವರ್ಷದಿಂದ ಅದು ಖಾಲಿ. ಖಾಲಿ ಬಿಟ್ಟವನು ನಾನು, ಯಾಕೆಂದರೆ ಅಲ್ಲಿ ಬರೆಯಬೇಕಾದ ಹೆಸರು ನನ್ನದು. ಡ್ರಮ್ಮಿನ ಮುಚ್ಚಳ ತೆಗೆಯುವುದು, ಅಳತೆ ಹಾಕುವುದು, ಚೀಲಕ್ಕೆ ಬೆರೆಸುವುದು ಎಲ್ಲ ನಾನೇ. ಮಾಲಕರಿಗೆ ನನ್ನ ಮೇಲೆ ನಂಬಿಕೆ ಹೆಚ್ಚು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಅದಕ್ಕಾಗಿ ನಾನು ಏನೂ ಮೇಲಾಗಿ ತೆಗೆದುಕೊಂಡಿಲ್ಲ. ತೆಗೆದುಕೊಂಡಿಲ್ಲ ಎಂದೇ ನಿದ್ದೆ ಬರುತ್ತಿತ್ತು.

ಆ ಬೆಳಿಗ್ಗೆ ಜೀಪು ಕಂಡಿತು. ಮಾಲಕರು, "ಆ ಅಂಕಣ ತುಂಬು, ಖಾಲಿ ಕಾಣಬಾರ್ದು," ಎಂದರು. ಯಾರ ಹೆಸರು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಸೋನಾಬಾಯಿ ಮಾರ್ಚ್ ಮೊದಲ ವಾರದಿಂದ ಆ ಕೋಣೆ ಗುಡಿಸುತ್ತಿದ್ದಳು. ನಾನೇ ಅವಳಿಗೆ ಡ್ರಮ್ ಸರಿಸಲು ಹೇಳಿದ್ದೆ. ಅವಳ ಹೆಸರು ಬರೆದರೆ ಸುಳ್ಳಾಗುವುದಿಲ್ಲ ಎಂದು ಅಷ್ಟರಲ್ಲಿ ಲೆಕ್ಕ ಹಾಕಿದೆ. ಜೀಪು ಗೇಟಿನಿಂದ ಅಂಗಳಕ್ಕೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟರಲ್ಲಿ.

ಈಗ ನಿನಗೆ ಎಲ್ಲ ಗೊತ್ತಾಯಿತು. ನನ್ನ ಬಾಯಿಂದ ಅಲ್ಲ, ಕೈಯಿಂದ. ಇದನ್ನು ಬೀರದೇವರು ಯಾವ ಅಂಕಣದಲ್ಲಿ ಬರೆದುಕೊಳ್ಳುತ್ತಾನೋ.

ಗಿರಣಿಗೆ ಹೋದರೆ ಮಾಲಕರು ನಗುತ್ತಾರೆ, ಜನ ತಲೆ ತಗ್ಗಿಸುತ್ತಾರೆ. ಮನೆಗೆ ಬಂದರೆ ಯೋಗಿತಾ ಸೊಂಟ ಹಿಡಿದುಕೊಂಡು ಓಡಾಡುತ್ತಾಳೆ. ಎರಡರ ನಡುವಿನ ದಾರಿಯಲ್ಲಿ ಷೇರ್ ರಿಕ್ಷಾದಲ್ಲಿ ಮೂರು ಜನರ ನಡುವೆ ಕೂತಿರುತ್ತೇನಲ್ಲ, ಅಷ್ಟೇ ನನ್ನ ಪಾಲಿನ ಬಯಲು.

ಸುಣ್ಣ ಹಚ್ಚಿ ನೋಡು ಅಕ್ಕಾ. ಕೆಂಪಾಗಲಿಲ್ಲ ಎಂದು ಒಂದು ಸಾಲು ಬರೆ. ಸೋಮವಾರ ನಾನೇ ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ. ಬೇಗ ಬರೆ. ಅಂಚೆಗೆ ಮೂರು ದಿನ ಬೇಕು.

ತಮ್ಮಣ್ಣ


ಮಿರಜ
೨೧ ಏಪ್ರಿಲ್ ೨೦೨೪, ರವಿವಾರ

ತಮ್ಮಣ್ಣಾ,

ಅಂಚೆಯನ್ನು ನಂಬದೆ ಇದನ್ನು ಸೋನಾಬಾಯಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ತನ್ನ ತೀರ್ಪನ್ನು ತಾನೇ ಹೊತ್ತು ತರುತ್ತಿದ್ದಾಳೆ ಎಂದು ಅವಳಿಗೆ ಗೊತ್ತಿಲ್ಲ.

ಸುಣ್ಣ ಹಚ್ಚಿ ನೋಡಿದ್ದೇನೆ. ನೀನು ಕೇಳಿದ ಮೇಲೆ ಅಲ್ಲ. ಮಾರ್ಚ್ ಹತ್ತರಂದು, ಸೋನಾಬಾಯಿಯ ಕೈ ನೋಡಿದ ದಿನವೇ. ಅಡುಗೆಮನೆಯಲ್ಲಿದ್ದ ನಿಮ್ಮ ಗಿರಣಿಯ ಪ್ಯಾಕೆಟ್ಟಿನ ಪುಡಿಗೆ ಮೊದಲು ಹಚ್ಚಿದೆ. ಅದು ಕೊಳಕು ಕಿತ್ತಳೆಯಾಗಿ ನಿಂತುಬಿಟ್ಟಿತು, ನಡುವೆ ಹಳದಿ ಗೆರೆ. ಆಮೇಲೆ ನಿನ್ನ ಚೀಟಿಯಿಂದ ಒಂದು ಚಿಟಿಕೆ ತೆಗೆದು ಹಚ್ಚಿದೆ.

ಕೆಂಪಾಯಿತು ತಮ್ಮಣ್ಣಾ. ಅವ್ವ ಮನೆಯಲ್ಲಿ ಮಾಡುತ್ತಿದ್ದ ಕುಂಕುಮದ ಹಾಗೆ. ಒಂದು ಕಣವೂ ಹಳದಿ ಉಳಿಯಲಿಲ್ಲ.

ನಿನ್ನ ಮಾಲಕ ದೇವರಿಗೆ ಬೇರೆ ಡಬ್ಬಿ ಇಟ್ಟಿದ್ದಾನೆ. ಜನರ ಸಾರಿಗೆ ಬಣ್ಣ, ಬೀರದೇವರಿಗೆ ಶುದ್ಧ. ಅವನೂ ನಿನ್ನ ಹಾಗೆ ದೇವರಿಗೆ ಹೆದರುವವನು.

ಕೆಂಪಾಗಲಿಲ್ಲ ಎಂದು ಬರೆಯಬಹುದಿತ್ತು. ಮೂರು ದಿನ ಆ ಒಂದು ಸಾಲು ಬರೆಯಲು ಕೂತೆ. ನನ್ನ ಒಂದು ಸುಳ್ಳಿಗೆ ಆ ಹೆಣ್ಣುಮಗಳ ಬದುಕು ಉಳಿಯುತ್ತದೆ, ಅಗ್ಗದ ವ್ಯಾಪಾರ. ಆದರೆ ನೀನು ಬಿಡುಗಡೆ ಹೊಂದಿದವನ ಹಾಗೆ ಹೋಗಿ ಮಾತಾಡುತ್ತೀ. ಮುಂದಿನ ಸಲ ಇನ್ನೊಂದು ಚೀಟಿ ಹುಡುಕುತ್ತೀ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನಿನಗೆ ಅಷ್ಟು ಸಣ್ಣ ಬಾಗಿಲು ತೆಗೆದುಕೊಡಲು ಮನಸ್ಸಾಗಲಿಲ್ಲ.

ಭಂಡಾರ ಖರೆ. ನಿನ್ನ ಆಣೆ ಖರೆ. ಸೋನಾಬಾಯಿಯೂ ಖರೆ.

ಸುಣ್ಣ ಬೆರೆತ ಚಿಟಿಕೆಯನ್ನು ಒಣಗಿಸಿ ಚೀಟಿಯಲ್ಲಿ ಇಟ್ಟಿದ್ದೇನೆ. ನಾಳೆ ಹನ್ನೊಂದಕ್ಕೆ ಅವಳು ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ.

ಸುಂದರಾಬಾಯಿ


ಸಾಂಗ್ಲಿ
೨೫ ಏಪ್ರಿಲ್ ೨೦೨೪

ಅಕ್ಕಾ,

ಸೋನಾಬಾಯಿ ನಿನಗೆ ಹೇಳಿರುತ್ತಾಳೆ. ಅವಳು ಮೆಟ್ಟಿಲ ಮೇಲೆ ಇದ್ದವಳು, ಒಳಗಿನದು ಅವಳಿಗೆ ಗೊತ್ತಿಲ್ಲ. ಅದನ್ನು ನಾನು ಬರೆಯುತ್ತೇನೆ.

ಹನ್ನೊಂದಕ್ಕೆ ಕರೆಯುತ್ತೇವೆ ಎಂದವರು ಒಂದೂವರೆಗೆ ಕರೆದರು. ಅಷ್ಟು ಹೊತ್ತೂ ಮಾಲಕರು ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದರು. ಚಹಾ ತರಿಸಿದರು. ನಾನು ಕುಡಿದೆ.

ಸಾಹೇಬರು ರಿಜಿಸ್ಟರ್ ತಿರುವಿ ಮರಾಠಿಯಲ್ಲಿ ಕೇಳಿದರು, ಈ ಅಕ್ಷರ ನಿಮ್ಮದೇ ಕಾಕಾ ಎಂದು. ಹೌದು ಎಂದೆ. ಹಾಗಾದರೆ ಬೆರೆಸುತ್ತಿದ್ದವಳು ಈ ಹೆಂಗಸೇ ಎಂದರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಗೋಡೆ ಗಡಿಯಾರದ ಮುಳ್ಳು ಹನ್ನೆರಡು ಸಲ ಟಕ್ ಎಂದಿತು, ಎಣಿಸಿದೆ. ಆ ಹನ್ನೆರಡರಲ್ಲಿ ಹತ್ತು ಯೋಗಿತಾಳ ಮಗುವಿನ ಎದೆಬಡಿತದ ಹಾಗೇ ಕೇಳಿಸಿತು. ಉಳಿದ ಎರಡರಲ್ಲಿ ಏನಾಯಿತೋ ನನಗೆ ತಿಳಿಯದು.

"ನಾಹೀ ಸಾಹೇಬ," ಎಂದೆ. "ಬೆರೆಸುತ್ತಿದ್ದವನು ನಾನು. ನಾಲ್ಕು ವರ್ಷ."

ಮಾಲಕರು ಕೂತಲ್ಲಿಂದಲೇ ಕನ್ನಡದಲ್ಲಿ ಅಂದರು, "ತಮ್ಮಣ್ಣಾ, ಭಂಡಾರ ಎತ್ತೀದಿ."

ಗದರಿಸಲಿಲ್ಲ. ನನಗಾಗಿ ಹೆದರಿದ ಹಾಗಿತ್ತು ದನಿ. ಹೆದರಿದ್ದೂ ಖರೆ ಇರಬೇಕು.

"ಹೌದ್ರಿ ಮಾಲಕ್ರ. ಖರೇ ಭಂಡಾರನ ಎತ್ತೇನಿ. ಸುಣ್ಣ ಹಚ್ಚಿ ನೋಡೇವಿ. ನಮ್ಮ ಗಿರಣ್ಯಾಗ ಖರೇ ಇದ್ದದ್ದು ಆ ಡಬ್ಬಿ ಒಂದ."

ಸಾಹೇಬರು ಏನು ಎಂದು ಕೇಳಿದರು. ಹೇಳಿದೆ. ಶುದ್ಧ ಪುಡಿಗೆ ಬೇರೆ ಡಬ್ಬಿ ಯಾಕೆ ಇಟ್ಟಿದ್ದರು ಎಂದು ಮಾಲಕರನ್ನು ಕೇಳಿದರು. ಅವರು ಬಹಳ ಹೊತ್ತು ಉತ್ತರ ಕೊಡಲಿಲ್ಲ. ದೇವರ ಮಾತಿಗೆ ಅವರಿಗೂ ಸುಳ್ಳು ಹೇಳಲು ಬರುವುದಿಲ್ಲ ಅಕ್ಕಾ. ಸಾಹೇಬರು ಆ ಮೌನವನ್ನೂ ಬರೆದುಕೊಂಡರು.

ಸೋನಾಬಾಯಿಯ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನನ್ನದನ್ನು ನನ್ನ ಕೈಯಿಂದಲೇ ಬರೆಸಿದರು. ನಾಲ್ಕು ವರ್ಷದ ಖಾಲಿ ಅಂಕಣ ತುಂಬಿತು. ಕೇಸು ಇಬ್ಬರ ಮೇಲೆ, ಮಾಲಕರದು ಮೊದಲು, ನನ್ನದು ಎರಡನೆಯದು. ಗಿರಣಿಗೆ ಬೀಗ ಬಿದ್ದಿದೆ. ಗುರಲಿಂಗ ಓಣಿಯಲ್ಲಿ ಎದುರಾದವನು ನನ್ನನ್ನು ಮಾತಾಡಿಸಲಿಲ್ಲ. ಇಪ್ಪತ್ಮೂರು ಒಲೆ ಎಂದಿದ್ದರಲ್ಲ ಮಾಲಕರು, ಅದು ಸುಳ್ಳಾಗಿರಲಿಲ್ಲ.

ಹಗುರಾಯಿತೇ ಎಂದು ಕೇಳುತ್ತೀ. ಇಲ್ಲ. ಮೊದಲು ಒಂದು ಗೋಡೆ ಇತ್ತು, ಈಗ ಅದರ ಇನ್ನೊಂದು ಬದಿಯಲ್ಲಿದ್ದೇನೆ. ಯೋಗಿತಾ ಕೆಮ್ಮಿದರೆ ಎದ್ದು ಕೂರುತ್ತೇನೆ. ನೀರಿನ ಕೊಡ ಮುಟ್ಟಲು ಬಿಡುವುದಿಲ್ಲ. "ಅಪ್ಪಾ, ನಿನಗ ಏನಾಗೇತಿ?" ಎಂದು ಬೈಯುತ್ತಾಳೆ. ಅವಳಿಗೆ ಹೇಳಿಲ್ಲ. ನೀನು ಕಳಿಸಿದ ಕೆಂಪು ಚೀಟಿ ಅಂಗಿಯ ಜೇಬಿನಲ್ಲಿದೆ. ಅವಳ ಹಣೆಗೆ ಹಚ್ಚಲು ಧೈರ್ಯವಿಲ್ಲ, ಎಸೆಯಲು ಅದಕ್ಕಿಂತ ಇಲ್ಲ. ಬೆವರಿಗೆ ಕಾಗದ ಒದ್ದೆಯಾಗಿ ಜೇಬು ಕೆಂಪಾಗಿದೆ.

ಡಾಕ್ಟರು ಮೇ ಹದಿನೆಂಟು ಎಂದಿದ್ದಾರೆ. ಇನ್ನು ಇಪ್ಪತ್ಮೂರು ದಿನ.

ನೀನು ಬಂದುಬಿಡು ಅಕ್ಕಾ. ಒಬ್ಬನೇ ಕಾಯಲು ಆಗುವುದಿಲ್ಲ. ದವಾಖಾನೆಯ ಬಾಗಿಲಲ್ಲಿ ನನ್ನ ಪಕ್ಕದಲ್ಲಿ ಕೂತಿರು, ಸಾಕು. ನಿನ್ನ ಕಿವಿಗೆ ಏನೂ ಕೇಳಿಸುವುದಿಲ್ಲ, ಗೊತ್ತು. ಕಾಗದ ಪೆನ್ನು ಜೇಬಿನಲ್ಲಿಟ್ಟುಕೊಂಡಿರುತ್ತೇನೆ. ಮಗು ಅತ್ತ ಕೂಡಲೇ ನಿನಗೆ ಬರೆದು ತೋರಿಸುತ್ತೇನೆ.

ತಮ್ಮಣ್ಣ